‘ಏಲಿಯನ್’ ಒಂದನೇದು ನೋಡಾಯ್ತು, ಮುಂದೆ ಯಾವುದು?

ಪ್ರಶ್ನೆ: ಸರ್, ಹೋದ ವಾರ ನಾನೂ ನನ್ನ ಹೆಂಡತೀನೂ ‘ಏಲಿಯನ್’ ಮೊದಲನೇ ಸಿನಿಮಾ ನೋಡಿದ್ವಿ, ಇಬ್ರಿಗೂ ತುಂಬಾ ಹಿಡಿಸ್ತು. ಮುಂದಿನವು ಒಂದಾ ಎರಡಾ, ಪಟ್ಟಿ ನೋಡಿದ್ರೇನೇ ತಲೆ ತಿರುಗುತ್ತೆ. ಫ್ರೆಂಡ್ಸು ಎರಡನೇದು ನೋಡಿ ನಿಲ್ಲಿಸಿಬಿಡು ಅಂತಾರೆ, ನಮ್ಮ ಭಾವ ಮೂರನೇದರ ಹೆಸರೆತ್ತಿದ್ರೆ ಬೈಯೋಕೆ ಬರ್ತಾರೆ, ಆಫೀಸಲ್ಲಿ ಒಬ್ಬ ‘ಪ್ರೊಮೀಥಿಯಸ್’ ಬಿಟ್ರೆ ಉಳಿದಿದ್ದೆಲ್ಲ ವೇಸ್ಟ್ ಅಂತಾನೆ. ನೀವು ಒಂದ್ಸಲ ಮೇಲಿಂದ ಕೆಳಗೆ ಜೋಡಿಸಿ ಹೇಳಿ. ಇನ್ನೊಂದು ವಿಷ್ಯ, ಹೆಂಡತಿ ಈಗ ಆರು ತಿಂಗಳ ಬಸುರಿ, ಅವಳೂ ಜೊತೇಲಿ ಕೂತೇ ನೋಡೋದು.

ಉತ್ತರ: ಮೊದಲು ನಿಮ್ಮ ಕೊನೇ ಸಾಲಿಗೇ ಬರ್ತೀನಿ. ಆರು ತಿಂಗಳ ಬಸುರಿನ ಪಕ್ಕದಲ್ಲಿ ಕೂರಿಸ್ಕೊಂಡು ಏಲಿಯನ್ ಸರಣಿ ಮುಗಿಸ್ತೀನಿ ಅಂತ ಹೊರಟಿದೀರಲ್ಲ, ನಿಮ್ಮ ಅತ್ತೆಯವರಿಗೆ ಈ ವಿಷ್ಯ ಗೊತ್ತಾ? ತಮಾಷೆಗೆ ಹೇಳ್ತಿಲ್ಲ, ಈ ಇಡೀ ಸರಣಿ ನಿಂತಿರೋದೇ ಬೇಡದ ಬಸಿರು ಮತ್ತೆ ಮೈ ಸೀಳ್ಕೊಂಡು ಆಗೋ ಹೆರಿಗೆ ಮೇಲೆ. ಊಟದ ಟೇಬಲ್ ಮೇಲೆ ಕೇನ್ ಎದೆ ಸೀಳ್ಕೊಂಡು ಮರಿ ಬಂದಿದ್ದನ್ನ ನೋಡಿದೀರಿ, ಮುಂದೆ ಬಂದವರೆಲ್ಲ ಅದನ್ನೇ ಇನ್ನೂ ಜೋರಾಗಿ ಮಾಡ್ಬೇಕು ಅಂತ ಪೈಪೋಟಿಗೆ ಬಿದ್ದವರು. ಯಾವ ಸಿನಿಮಾಗೆ ಅವರನ್ನ ರೂಮಿಂದ ಎಬ್ಬಿಸಿ ಕಳಿಸ್ಬೇಕು ಅಂತ ಅಲ್ಲಲ್ಲೇ ಹೇಳ್ತಾ ಹೋಗ್ತೀನಿ. ಕಥೆ ಬಿಚ್ಚದೆ ಮೇಲು ಕೆಳಗು ಹೇಳೋಕಾಗಲ್ಲ, ಬಿಚ್ಚೇ ಹೇಳ್ತೀನಿ, ಕಥೆ ಮೊದಲೇ ಗೊತ್ತಾಗೋದು ಬೇಡ ಅನ್ನೋರು ನೋಡ್ಕೊಂಡು ಬಂದು ಆಮೇಲೆ ಓದಿ.

ಜನ ಸಾಮಾನ್ಯವಾಗಿ ಈ ಸಿನಿಮಾಗಳನ್ನ ಅಳೆಯೋದು ಆ ಪ್ರಾಣಿ ಎಷ್ಟು ಭಯಂಕರವಾಗಿದೆ, ಎಷ್ಟು ಹೆಣ ಬಿತ್ತು ಅಂತ. ನನ್ನ ಅಳತೆ ಬೇರೆ. ನೀವು ಹೋದ ವಾರ ನೋಡಿದ 1979ರ ಸಿನಿಮಾನೇ ನೆನಪಿಸ್ಕೊಳ್ಳಿ, ನೊಸ್ಟ್ರೊಮೊ ಅನ್ನೋದು ಯುದ್ಧದ ಹಡಗಲ್ಲ, ಅದಿರು ಎಳ್ಕೊಂಡು ಹೋಗೋ ಲಾರಿ ಇದ್ದ ಹಾಗೆ, ಅದರಲ್ಲಿರೋ ಏಳು ಜನ ಡ್ರೈವರ್ ಕ್ಲೀನರ್ ಇದ್ದ ಹಾಗೆ. ನಿದ್ದೆಯಿಂದ ಎದ್ದು ಊಟಕ್ಕೆ ಕೂತ ತಕ್ಷಣ ಪಾರ್ಕರ್ ಮತ್ತೆ ಬ್ರೆಟ್ ತೆಗೆಯೋ ಮೊದಲನೇ ತಕರಾರು ಬೋನಸ್ಸಿಂದು, ಎಲ್ಲರಿಗೂ ಫುಲ್ ಷೇರು ನಮಗ್ಯಾಕೆ ಅರ್ಧ ಅಂತ. ಸಿಗ್ನಲ್ ಬಂದ ಕಡೆ ಹೋಗಿ ನೋಡದಿದ್ರೆ ಇಡೀ ಟ್ರಿಪ್ಪಿನ ದುಡ್ಡೇ ಹೋಗುತ್ತೆ ಅಂತ ಕಾಂಟ್ರ್ಯಾಕ್ಟಲ್ಲಿ ಬರ್ದಿದೆ, ಅದಕ್ಕೇ ಇಳೀತಾರೆ. ಆಮೇಲೆ ನಾಯಕಿ ರಿಪ್ಲಿ ಮುಂದೆ ಸ್ಕ್ರೀನಲ್ಲಿ ಕಂಪನಿಯ ಆ 937ನೇ ಆರ್ಡರ್ ಬರುತ್ತಲ್ಲ, ಪ್ರಾಣಿ ಬೇಕು, ಸಿಬ್ಬಂದಿ ಹೋದ್ರೆ ಹೋಗ್ಲಿ ಅನ್ನೋದು, ನನಗೆ ಇವತ್ತಿಗೂ ಮೈ ಜುಂ ಅನ್ನೋದು ಅಲ್ಲೇ. ಎಚ್.ಆರ್. ಗೀಗರ್ ಚಿತ್ರಿಸಿದ ಪ್ರಾಣಿ ಅದ್ಭುತ, ಅದರ ವೇಷ ಹಾಕಿದ ನೈಜೀರಿಯಾದ ಹುಡುಗ ಬೊಲಾಜಿ ಬಡೇಜೊ ಆರೂಮುಕ್ಕಾಲು ಅಡಿ ಮೇಲಿದ್ದ, ಎಲ್ಲಾ ನಿಜ, ಆದ್ರೆ ಆ ಪ್ರಾಣಿಗೆ ನಮ್ಮ ಮೇಲೇನೂ ದ್ವೇಷ ಇಲ್ಲ, ಅದರ ಪಾಡಿಗೆ ಅದು. ಕೊಂದಿದ್ದು ಕಂಪನಿ. ಹಾಗಾಗಿ ನಾನು ಸೀಕ್ವೆಲ್‌ಗಳಲ್ಲಿ ನೋಡೋದು ಒಂದೇ, ದುಡ್ಕೊಂಡು ತಿನ್ನೋ ಜನ ಅಲ್ಲಿದಾರಾ, ಮೇಲೆ ಕೂತವರು ಅವರ ಜೀವಕ್ಕೆ ಎಷ್ಟು ಬೆಲೆ ಕಟ್ಟಿದ್ರು ಅನ್ನೋದು ಕಣ್ಣಿಗೆ ಕಾಣುತ್ತಾ.

ತಳದಿಂದ ಎರಡನ್ನ ಮೊದಲು ಎತ್ತಿಟ್ಬಿಡೋಣ. ‘ಏಲಿಯನ್ ವರ್ಸಸ್ ಪ್ರಿಡೇಟರ್’ ಅಂತ 2004ರಲ್ಲಿ ಒಂದು, ‘ರೆಕ್ವಿಯಮ್’ ಅಂತ ಬಾಲ ಹಚ್ಚಿ 2007ರಲ್ಲಿ ಇನ್ನೊಂದು. ಇದಕ್ಕೂ ಮುಂಚೆ ಏಲಿಯನ್ನನ್ನೂ ಇನ್ನೊಂದು ಸಿನಿಮಾ ಸರಣಿಯ ಬೇಟೆಗಾರ ಪ್ರಾಣಿ ಪ್ರಿಡೇಟರನ್ನೂ ಕಾಮಿಕ್ಸಲ್ಲಿ ಕಾದಾಡಿಸಿದ್ರು, 1990ರ ‘ಪ್ರಿಡೇಟರ್ 2’ರಲ್ಲಿ ಗೋಡೆ ಮೇಲೆ ಒಂದು ಏಲಿಯನ್ ತಲೆಬುರುಡೆ ತೂಗುಹಾಕಿದ್ರು, ಅಷ್ಟಕ್ಕೇ ಜನ ಹದಿನಾಲ್ಕು ವರ್ಷ ಕಾದ್ರು. ಮೊದಲನೇದು ಅಂಟಾರ್ಕ್ಟಿಕಾ ಕಡೆ ಹಿಮದ ಕೆಳಗಿರೋ ಪಿರಮಿಡ್ಡಲ್ಲಿ ನಡೆಯೋ ಕಥೆ, ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಅರ್ಧ ನಿದ್ದೇಲಿ ನೋಡ್ಬಹುದು, ಏನೂ ನಷ್ಟ ಇಲ್ಲ. ಎರಡನೇದು ಎಷ್ಟು ಕತ್ತಲು ಅಂದ್ರೆ ಟಿವಿ ಬ್ರೈಟ್‌ನೆಸ್ ಪೂರ್ತಿ ಏರಿಸಿದ್ರೂ ಯಾರು ಯಾರನ್ನ ಹೊಡೀತಿದಾರೆ ಅಂತ ತಿಳಿಯಲ್ಲ, ಜೊತೆಗೆ ಹೆರಿಗೆ ವಾರ್ಡಲ್ಲಿ ಒಂದು ಸೀನ್ ಇಟ್ಟಿದಾರೆ, ಅದಕ್ಕೆ ಕ್ಷಮೆ ಇಲ್ಲ. ನಿಮ್ಮ ಮನೆಯವರು ಅದನ್ನ ಈಗಲ್ಲ, ಮಗು ಕಾಲೇಜಿಗೆ ಹೋದ್ಮೇಲೂ ನೋಡೋದು ಬೇಡ.

ಇನ್ನು ಮೇಲಿನದು. 1986ರ ‘ಏಲಿಯನ್ಸ್’ ಮೊದಲನೇ ಸ್ಥಾನ, ಇದರಲ್ಲಿ ನಾನೂ ನಿಮ್ಮ ಫ್ರೆಂಡ್ಸೂ ಒಂದೇ, ಕಾರಣ ಮಾತ್ರ ಬೇರೆ ಇರ್ಬಹುದು. ಇದನ್ನ ಎಲ್ರೂ ಗನ್ನು, ಸೈನಿಕರು, ಆ್ಯಕ್ಷನ್ ಅಂತ ಹೊಗಳ್ತಾರೆ. ನಾನು ಶುರುವಿನ ಅರ್ಧ ಗಂಟೇನೇ ಹಿಡ್ಕೊಂಡು ಕೂತ್ಕೊಳ್ತೀನಿ. ರಿಪ್ಲಿ 57 ವರ್ಷ ನಿದ್ದೇಲಿ ತೇಲಾಡಿ ವಾಪಸ್ ಬಂದ್ರೆ ಕಂಪನಿಯವರು ಅವಳನ್ನ ಒಂದು ಮೀಟಿಂಗ್ ರೂಮಲ್ಲಿ ಕೂರಿಸಿ ಏನು ಕೇಳ್ತಾರೆ ಹೇಳಿ, ಸತ್ತ ಆರು ಜನರ ಬಗ್ಗೆ ಅಲ್ಲ, 42 ಮಿಲಿಯನ್ ಡಾಲರ್ ಹಡಗು ಯಾಕೆ ಸ್ಫೋಟಿಸ್ದೆ ಅಂತ. ಲೈಸೆನ್ಸ್ ಕಿತ್ಕೊಳ್ತಾರೆ. ಅವಳು ಗೋಡೌನಲ್ಲಿ ಲೋಡಿಂಗ್ ಕೆಲಸಕ್ಕೆ ಸೇರ್ಕೊಳ್ತಾಳೆ. ಡೈರೆಕ್ಟರ್ ಜೇಮ್ಸ್ ಕ್ಯಾಮೆರಾನ್ ಸಿನಿಮಾಕ್ಕೆ ಬರೋ ಮುಂಚೆ ಟ್ರಕ್ ಓಡಿಸ್ತಿದ್ದ ಮನುಷ್ಯ, ಅದು ಈ ಸಿನಿಮಾದ ಮೂಳೇಲಿದೆ. ಕೊನೇಲಿ ಆ ಹದಿನಾಲ್ಕು ಅಡಿ ರಾಣಿ ಏಲಿಯನ್ ಎದುರಿಗೆ ರಿಪ್ಲಿ ಹತ್ತಿ ಬರೋದು ಯಾವ ಯುದ್ಧದ ಯಂತ್ರಾನೂ ಅಲ್ಲ, ಮೂಟೆ ಎತ್ತೋ ಪವರ್ ಲೋಡರ್ರು, ತಾನು ಹೊಟ್ಟೆಪಾಡಿಗೆ ಕಲ್ತಿದ್ದ ಕೆಲಸದ ಯಂತ್ರ. ಆ ಲೋಡರ್ ಒಳಗೆ ರಿಪ್ಲಿ ಪಾತ್ರ ಮಾಡಿದ ಸಿಗರ್ನಿ ವೀವರ್ ಹಿಂದೆ ಒಬ್ಬ ಸ್ಟಂಟ್‌ಮ್ಯಾನ್ ಅವಿತ್ಕೊಂಡು ನಿಂತು ಕೈಕಾಲು ಆಡಿಸ್ತಿದ್ದ, ರಾಣಿ ಒಳಗೆ ಇಬ್ರು ಕೂತಿದ್ರು. ಗೊತ್ತಿದ್ದೂ ನೋಡಿ, ಆದ್ರೂ ಕಾಣಲ್ಲ.

ಭಯ ಹುಟ್ಟಿಸೋದು ಹೇಗೆ ಅಂತ ಕಲೀಬೇಕು ಅಂದ್ರೆ ಇದರಲ್ಲಿ ಒಂದು ಸೀನ್ ಸಾಕು. ಕರೆಂಟ್ ಹೋಗಿದೆ, ಕೆಂಪು ಲೈಟು, ಎಲ್ಲಾ ಬಾಗಿಲಿಗೂ ವೆಲ್ಡಿಂಗ್ ಹಾಕಿ ಭದ್ರ ಮಾಡಿದಾರೆ, ಕೈಲಿರೋ ಮೋಷನ್ ಟ್ರ್ಯಾಕರ್ ಬೀಪ್ ಬೀಪ್ ಅಂತಿದೆ, ದೂರದ ಅಂಕಿ ಇಳೀತಾ ಇಳೀತಾ ಬರ್ತಿದೆ. ಎಷ್ಟು ಹತ್ರ ಬಂತು ಅಂದ್ರೆ ಅಷ್ಟು ಹತ್ರ ಬಂದ್ರೆ ಅವು ಈ ರೂಮೊಳಗೇ ಇರ್ಬೇಕು, ಆದ್ರೆ ರೂಮಲ್ಲಿ ಯಾರೂ ಇಲ್ಲ. ಯಂತ್ರ ಕೆಟ್ಟಿದೆ ಅಂತ ಒಬ್ಬ, ಸರಿಯಾಗಿ ಓದು ಅಂತ ಇನ್ನೊಬ್ಬ. ಆಗ ರಿಪ್ಲಿ ನಿಧಾನಕ್ಕೆ ತಲೆ ಎತ್ತಿ ಮೇಲೆ ನೋಡ್ತಾಳೆ. ಸೀಲಿಂಗು! ನಮ್ಮ ನಿಮ್ಮ ಆಫೀಸಲ್ಲಿ ಇರುತ್ತಲ್ಲ, ಅದೇ ತರದ ಹಲಗೆ ಸೀಲಿಂಗು. ಸೈನಿಕ ಹಿಕ್ಸ್ ಹತ್ತಿ ಹಲಗೆ ಸರಿಸಿ ಟಾರ್ಚ್ ಬಿಡ್ತಾನೆ. ಪ್ರಾಣಿ ತೋರ್ಸದೆ ಬರೀ ಸದ್ದಿನಲ್ಲಿ, ಬರೀ ಅಂಕಿಯಲ್ಲಿ ಅಷ್ಟು ಹೊತ್ತು ಉಸಿರು ಕಟ್ಟಿಸಿದ್ದು ಅದು.

ಇದರ ನಿಜವಾದ ವಿಲನ್ ಕಂಪನಿಯ ಬರ್ಕ್, ಇಸ್ತ್ರಿ ಹಾಕಿದ ಶರ್ಟು, ನಯವಾದ ಮಾತು. ಹೆಡೆ ಇಲ್ಲದ ಹಾವು. ಆ ಗ್ರಹದಲ್ಲಿ ನೆಲೆಸಿದ್ದ ಕಾಲೋನಿಯವರನ್ನ ಎಚ್ಚರಿಸದೆ ಆ ಮೊಟ್ಟೆಗಳ ಹತ್ರ ಕಳಿಸಿದ್ದೂ ಅವನೇ, ಆಮೇಲೆ ರಿಪ್ಲಿ ಮತ್ತೆ ಪುಟ್ಟ ನ್ಯೂಟ್ ಮಲಗಿರೋ ರೂಮಿಗೆ ಮುಖಕ್ಕೆ ಅಮರೋ ಹುಳ ಬಿಟ್ಟು ಹೊರಗಿಂದ ಕ್ಯಾಮೆರಾ ಆಫ್ ಮಾಡೋದೂ ಅವನೇ, ಇಬ್ಬರ ಹೊಟ್ಟೇಲಿ ಮಾಲು ಇಟ್ಟು ಚೆಕಿಂಗ್ ದಾಟಿಸೋ ಪ್ಲಾನು. ಏಲಿಯನ್‌ಗಳಾದ್ರೂ ಪರ್ಸೆಂಟೇಜಿಗೋಸ್ಕರ ಒಂದನ್ನೊಂದು ಮಾರ್ಕೊಳ್ಳಲ್ಲ ಅಂತ ರಿಪ್ಲಿ ಅವನ ಮುಖಕ್ಕೆ ಹೇಳ್ತಾಳಲ್ಲ, ಇಡೀ ಸರಣಿ ಆ ಮಾತಲ್ಲಿದೆ.

ಯಾವ ಆವೃತ್ತಿ ಅಂತ ಕೇಳೇ ಕೇಳ್ತೀರಿ. 137 ನಿಮಿಷದ್ದು ಥಿಯೇಟರಿಂದು, 154 ನಿಮಿಷದ್ದು ಸ್ಪೆಷಲ್ ಎಡಿಷನ್ನು. ಮೊದಲ ಸಲ ಚಿಕ್ಕದನ್ನೇ ನೋಡಿ, ಯಾಕಂದ್ರೆ ದೊಡ್ಡದರಲ್ಲಿ ಕಾಲೋನಿ ಹಾಳಾಗೋ ಮುಂಚೆ ಹೇಗಿತ್ತು ಅಂತ ಮೊದಲೇ ತೋರಿಸಿಬಿಡ್ತಾರೆ, ಸೈನಿಕರ ಜೊತೆ ನಾವೂ ಖಾಲಿ ಕಾರಿಡಾರಲ್ಲಿ ತಡಕಾಡೋ ಮಜಾ ಹೊರಟೋಗುತ್ತೆ. ಆದ್ರೆ ರಿಪ್ಲಿಗೆ ಅಮಂಡಾ ಅಂತ ಮಗಳಿದ್ದು, ಹನ್ನೊಂದನೇ ಹುಟ್ಟುಹಬ್ಬಕ್ಕೆ ಬಂದೇ ಬರ್ತೀನಿ ಅಂತ ಮಾತು ಕೊಟ್ಟು ಹೋಗಿದ್ದು, ಅವಳು ವಾಪಸ್ ಬರೋಷ್ಟ್ರಲ್ಲಿ ಆ ಮಗಳು ಮುದುಕಿಯಾಗಿ 66ಕ್ಕೆ ತೀರ್ಕೊಂಡಿದ್ದು, ಈ ಸೀನ್ ಇರೋದು ದೊಡ್ಡದರಲ್ಲಿ ಮಾತ್ರ, ಅದನ್ನ ಕತ್ತರಿಸಿದವರಿಗೆ ಏನನ್ಬೇಕೋ. ನ್ಯೂಟ್‌ನ ಹುಡುಕ್ಕೊಂಡು ರಿಪ್ಲಿ ಯಾಕೆ ಸಾವಿನ ಬಾಯಿಗೆ ವಾಪಸ್ ಇಳೀತಾಳೆ ಅನ್ನೋದು ಅಲ್ಲಿ ತೋರಿಸೋ ಆ ಮಗಳ ಒಂದು ಫೋಟೋದಿಂದ ಅರ್ಥ ಆಗುತ್ತೆ. ನಿಮ್ಮ ಮನೆಯವರಿಗೆ: ಶುರುವಲ್ಲೇ ಆಸ್ಪತ್ರೆ ಹಾಸಿಗೇಲಿ ರಿಪ್ಲಿ ಹೊಟ್ಟೆ ಉಬ್ಬೋದು ಬರುತ್ತೆ, ಅದು ಕನಸು ಅಂತ ಮೊದಲೇ ಕಿವೀಲಿ ಹೇಳ್ಬಿಡಿ, ಆಮೇಲೆ ಗೂಡಿನೊಳಗೆ ಅಂಟ್ಕೊಂಡಿರೋ ಒಬ್ಬ ಹೆಂಗಸಿಂದು ಒಂದು ಸೀನ್ ಇದೆ, ಅಷ್ಟೊತ್ತಿಗೆ ಕಾಫಿ ಮಾಡ್ಕೊಂಡು ಬರೋಕೆ ನೀವಿಬ್ರೂ ಎದ್ದೋಗಿ.

ಎರಡನೇ ಸ್ಥಾನ 1992ರ ‘ಏಲಿಯನ್ 3’ಕ್ಕೆ. ಹೂಂ, ನಿಮ್ಮ ಭಾವನಿಗೆ ತೋರಿಸ್ಬೇಡಿ ಈ ಸಾಲು.

ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಹಿಂದಿನ ಸಿನಿಮಾದಲ್ಲಿ ಎರಡೂ ಚಿಲ್ಲರೆ ಗಂಟೆ ಪ್ರಾಣ ಕೈಲಿ ಹಿಡ್ಕೊಂಡು ಆ ಮಗೂನ ಉಳಿಸಿದ್ದಾಯ್ತು, ಇಲ್ಲಿ ಟೈಟಲ್ ಕಾರ್ಡ್ ಮುಗಿಯೋಷ್ಟ್ರಲ್ಲಿ ನ್ಯೂಟೂ ಇಲ್ಲ ಹಿಕ್ಸೂ ಇಲ್ಲ, ಹಡಗು ಬಿದ್ದು ಇಬ್ರೂ ಸತ್ರು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಇದರ ಹಿಂದೆ ದೊಡ್ಡ ರಂಪ ಇದೆ, ಸ್ಕ್ರಿಪ್ಟು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ಚಿಂದಿ ಆಗಿತ್ತು, ವಿನ್ಸೆಂಟ್ ವಾರ್ಡ್ ಅನ್ನೋ ನ್ಯೂಜಿಲೆಂಡ್ ಡೈರೆಕ್ಟರ್ರು ಮರದಲ್ಲೇ ಕಟ್ಟಿದ ಒಂದು ಗ್ರಹ, ಅದರಲ್ಲಿ ಸನ್ಯಾಸಿಗಳ ಮಠ ಅಂತ ಕಲ್ಪನೆ ಮಾಡಿದ್ರು, ಅವರು ಹೋದ್ಮೇಲೆ ಮಠ ಜೈಲಾಯ್ತು, ಸನ್ಯಾಸಿಗಳು ಕೈದಿಗಳಾದ್ರು, ಭಕ್ತಿ ಮಾತ್ರ ಹಾಗೇ ಉಳೀತು. ಸ್ಕ್ರಿಪ್ಟ್ ಮುಗಿಯೋ ಮುಂಚೇನೇ ಸೆಟ್ಟು ಎದ್ದಿತ್ತು. ಇದನ್ನೆಲ್ಲ ತಲೆಗೆ ಕಟ್ಟಿದ್ದು ಅಲ್ಲೀವರೆಗೂ ಬರೀ ಮ್ಯೂಸಿಕ್ ವಿಡಿಯೋ, ಜಾಹೀರಾತು ಮಾಡ್ಕೊಂಡಿದ್ದ ಡೇವಿಡ್ ಫಿಂಚರ್ ಅನ್ನೋ ಹುಡುಗನಿಗೆ, ಮೊದಲನೇ ಸಿನಿಮಾ, ಸ್ಟುಡಿಯೋದವರು ಅವನನ್ನ ಎಷ್ಟು ಕಾಡಿದ್ರು ಅಂದ್ರೆ ಇವತ್ತಿಗೂ ಆ ಸಿನಿಮಾ ತನ್ನದಲ್ಲ ಅನ್ನೋ ಹಾಗೇ ಇದಾರೆ. 2003ರಲ್ಲಿ ಡಿವಿಡಿ ಸೆಟ್ಟಿಗೆ ಅಂತ ‘ಅಸೆಂಬ್ಲಿ ಕಟ್’ ಜೋಡಿಸಿದಾಗ್ಲೂ ಅವರು ಬರ್ಲಿಲ್ಲ. ನೀವು ನೋಡ್ಬೇಕಾಗಿರೋದು ಅದನ್ನೇ, 145 ನಿಮಿಷದ್ದು, ಥಿಯೇಟರ್‌ದಲ್ಲಿ ಅರ್ಧಕ್ಕೆ ಮಾಯ ಆಗೋ ಪಾತ್ರಗಳಿಗೆ ಅದರಲ್ಲಿ ಒಂದು ಕೊನೆ ಇದೆ. (ಥಿಯೇಟರ್‌ದಲ್ಲಿ ಪ್ರಾಣಿ ಹುಟ್ಟೋದು ನಾಯಿಯಿಂದ, ಅಸೆಂಬ್ಲಿ ಕಟ್ಟಲ್ಲಿ ಎತ್ತಿನಿಂದ. ನಾಯಿ ಸಾಕಿದವರಿಗೆ ಇದೂ ಒಂದು ಕಾರಣ.)

ಈಗ ಮೇಲಕ್ಕೆ ಯಾಕೆ ಅಂತ ಹೇಳ್ತೀನಿ. ಫ್ಯೂರಿ 161 ಅನ್ನೋ ಗ್ರಹದಲ್ಲಿ ಮುಚ್ಚಿಹೋದ ಸೀಸದ ಕಾರ್ಖಾನೆ, ಅದರ ಕುಲುಮೆ ಆರದ ಹಾಗೆ ನೋಡ್ಕೊಳ್ಳೋಕೆ ಉಳಿಸಿರೋ 25 ಕೈದಿಗಳು, ಕೊಲೆ ಅತ್ಯಾಚಾರ ಮಾಡಿ ಬಂದವರು, ಯಾರಿಗೂ ಬೇಡದವರು. ಒಂದು ಗನ್ನಿಲ್ಲ. ಅವರೇ ಕೇಳ್ತಾರೆ, ನಾವು ಸತ್ರೆ ಯಾರಿಗೇನು, ಹೊರಗಿಂದ ಹಡಗು ಬರ್ತಿರೋದು ನಮಗೋಸ್ಕರಾನಾ ಅಂತ. ಅಲ್ಲ ಅಂತ ಎಲ್ರಿಗೂ ಗೊತ್ತು. ಕಂಪನಿ ಬರ್ತಿರೋದು ರಿಪ್ಲಿ ಹೊಟ್ಟೆಯೊಳಗಿರೋದಕ್ಕೆ. ಬರ್ಕ್ ಎರಡನೇ ಸಿನಿಮಾದಲ್ಲಿ ಮಾಡೋಕೆ ಹೋಗಿ ಆಗದೇ ಇದ್ದದ್ದು ಇಲ್ಲಿ ಆಗೋಗಿದೆ, ಅವಳೇ ಮಾಲು. ನ್ಯೂಟ್ ಸಾಯೋದು ನನಗೂ ಹೊಟ್ಟೆ ಉರಿಸುತ್ತೆ, ಆದ್ರೆ ಆ ಸಾವಿಗೆ ಈ ಸಿನಿಮಾ ಬೆಲೆ ಕಟ್ಟುತ್ತೆ, ಓಡಿಹೋಗಲ್ಲ. ಮಗು ಮೈಯಲ್ಲಿ ಏನಾದ್ರೂ ಇದೆಯಾ ಅಂತ ನೋಡ್ಬೇಕು, ನಿಜ ಹೇಳೋ ಹಾಗಿಲ್ಲ, ರಿಪ್ಲಿ ಕಾಲರಾ ಇರ್ಬಹುದು ಅಂತ ಡಾಕ್ಟರ್ ಕ್ಲೆಮೆನ್ಸ್‌ಗೆ ಸುಳ್ಳು ಹೇಳಿ ಪೋಸ್ಟ್‌ಮಾರ್ಟಮ್ ಮಾಡಿಸ್ತಾಳೆ, ಪಕ್ಕದಲ್ಲೇ ನಿಂತಿರ್ತಾಳೆ. ನಾವು ನೋಡೋದು ಜಾಸ್ತಿ ಅವಳ ಮುಖ, ಕೇಳೋದು ಉಪಕರಣದ ಸದ್ದು. ಆಮೇಲೆ ಡಿಲನ್ ಅನ್ನೋ ಕೈದಿ, ಆ ಮಗೂನ ಕಂಡೇ ಇರದವನು, ಕುಲುಮೆ ಮುಂದೆ ನಿಂತು ಎರಡು ಮಾತು ಆಡ್ತಾನೆ, ಹೆಣಗಳು ಬೆಂಕಿಗೆ ಹೋಗ್ತಿರೋ ಹೊತ್ತಿಗೇ ಆ ಕಡೆ ಹೊಸ ಪ್ರಾಣಿ ಹುಟ್ತಿರುತ್ತೆ. ಚಾರ್ಲ್ಸ್ ಎಸ್. ಡಟ್ಟನ್ ಆ ಮಾತು ಆಡೋ ರೀತಿಗೆ ಮಾತ್ರಕ್ಕೂ ಈ ಸಿನಿಮಾ ಇನ್ನೊಂದ್ಸಲ ನೋಡ್ತೀನಿ. ಕೊನೆಗೆ ಎರಡನೇ ಸಿನಿಮಾದ ಯಂತ್ರಮಾನವ ಬಿಷಪ್‌ನದೇ ಮುಖದ ಮನುಷ್ಯನೊಬ್ಬ ಬಂದು ನಿಂಗೆ ಆಪರೇಷನ್ ಮಾಡಿಸ್ತೀವಿ, ಮುಂದೆ ಮಕ್ಕಳಾಗ್ಬಹುದು, ಜೀವನ ಇದೆ ಅಂತ ಆಸೆ ತೋರಿಸ್ತಾನೆ, ಅವಳು ಅವರ ಕೈಗೆ ಏನೂ ಸಿಗದ ಹಾಗೆ ಕುಲುಮೆಗೇ ಬೀಳ್ತಾಳೆ. ಥಿಯೇಟರ್‌ದಲ್ಲಿ ಬೀಳೋವಾಗ ಎದೆ ಒಡ್ಕೊಂಡು ಮರಿ ಬರುತ್ತೆ, ಅಸೆಂಬ್ಲಿ ಕಟ್ಟಲ್ಲಿ ಬರಲ್ಲ, ಅವಳು ಸುಮ್ಮನೆ ಕೈ ಚಾಚಿ ಬೀಳ್ತಾಳೆ, ಅದೇ ಚೆಂದ.

ನೋಡೋಕೆ ಸಂತೋಷದ ಸಿನಿಮಾ ಖಂಡಿತ ಅಲ್ಲ. ಪೈಪುಗಳ ನಡುವೆ ಓಡಾಡೋ ಕ್ಲೈಮ್ಯಾಕ್ಸಲ್ಲಿ ಬೋಳುತಲೆಯ ಬಿಳಿಯರೆಲ್ಲ ಒಂದೇ ತರ ಕಾಣ್ತಾರೆ, ಯಾರು ಸತ್ರು ಅಂತ ಲೆಕ್ಕ ತಪ್ಪುತ್ತೆ, ಮೇಲಿಂದ ಅಂಟಿಸಿದ ಹಾಗಿರೋ ಪ್ರಾಣಿ ಕೆಲವು ಕಡೆ ನಗು ಬರ್ಸುತ್ತೆ. ಆದ್ರೂ ಎರಡನೇದೇ. ನಿಮ್ಮ ಮನೆಯವರಿಗೆ ಮಾತ್ರ ಈಗ ಬೇಡವೇ ಬೇಡ, ಭಯಕ್ಕಲ್ಲ, ಮಗುವಿನ ಸಾವು ಇದೆ ಅನ್ನೋ ಕಾರಣಕ್ಕೆ.

ಮೂರನೇದು 2024ರ ‘ರೋಮುಲಸ್’. ಫೆಡೆ ಆಲ್ವಾರೆಸ್ ಮಾಡಿದ್ದು, ಕಥೆ ಮೊದಲನೇ ಮತ್ತೆ ಎರಡನೇ ಸಿನಿಮಾ ಮಧ್ಯದಲ್ಲಿ 2142ರಲ್ಲಿ ನಡೆಯುತ್ತೆ. ಸೂರ್ಯನೇ ಕಾಣದ ಗಣಿ ಊರು, ರೇನ್ ಅನ್ನೋ ಹುಡುಗಿ ತನ್ನ ಗಂಟೆ ಲೆಕ್ಕ ಮುಗೀತು, ಇನ್ನು ನನ್ನ ಬಿಡಿ ಅಂತ ಕೌಂಟರ್ ಹತ್ರ ಹೋಗ್ತಾಳೆ, ಅಲ್ಲಿ ಕೂತಿರೋಳು ಕಂಪ್ಯೂಟರ್ ನೋಡಿ ಕೋಟಾ ಜಾಸ್ತಿ ಆಗಿದೆ ಕಣಮ್ಮಾ, ಇನ್ನೂ ಐದಾರು ವರ್ಷ ಗಣಿಯಲ್ಲೇ ಅನ್ನೋ ಧಾಟೀಲಿ ಹೇಳಿ ಕಂಪನಿ ಪರವಾಗಿ ಥ್ಯಾಂಕ್ಸ್ ಹೇಳ್ತಾಳೆ. ನೋಟಿಸ್ ಪೀರಿಯಡ್ ಅನುಭವಿಸಿದ ಯಾರಿಗಾದ್ರೂ ಏಲಿಯನ್ ಬರೋ ಮುಂಚೇನೇ ಎದೆ ಧಸಕ್ ಅನ್ನೋ ಜಾಗ ಇದು. ಅವಳ ಜೊತೆ ಆಂಡಿ ಅಂತ ಹಳೇ ಸಿಂಥೆಟಿಕ್ (ಮನುಷ್ಯನ ಹಾಗಿರೋ ಯಂತ್ರ) ಅಣ್ಣ, ಕೆಟ್ಟ ಜೋಕು ಹೇಳ್ಕೊಂಡು ತಡವರಿಸ್ತಾ ಇರ್ತಾನೆ, ಅವನಿಗಿರೋ ಆದೇಶ ಒಂದೇ, ರೇನ್‌ಗೆ ಯಾವುದು ಒಳ್ಳೇದೋ ಅದನ್ನ ಮಾಡು. ಮಧ್ಯದಲ್ಲಿ ಕಂಪನಿ ಸಿಂಥೆಟಿಕ್ಕಿನ ಚಿಪ್ ಅವನಿಗೆ ಹಾಕ್ತಾರೆ. ತಡವರಿಕೆ ನಿಂತ್ಹೋಗುತ್ತೆ, ಬೆನ್ನು ನೆಟ್ಟಗಾಗುತ್ತೆ, ಈಗ ಆದೇಶ ಕಂಪನಿಗೆ ಯಾವುದು ಒಳ್ಳೇದೋ ಅದು. ಗಾಜಿನ ಬಾಗಿಲ ಆಚೆ ಕೇ ಅನ್ನೋ ಬಸುರಿ ಬಡೀತಾ ಇದ್ರೆ ಅವನು ಲೆಕ್ಕ ಹಾಕಿ ಬಾಗಿಲು ತೆಗೆಯಲ್ಲ. ಡೇವಿಡ್ ಜಾನ್ಸನ್ ಅದೇ ಮುಖದಲ್ಲಿ ಎರಡು ಆತ್ಮ ತೋರಿಸಿದಾನೆ, ಈ ಸರಣಿಯ ಬೆಸ್ಟ್ ಆ್ಯಕ್ಟಿಂಗಲ್ಲಿ ಒಂದು.

ಹಾಗಿದ್ರೆ ಯಾಕೆ ಮೂರು? ಹಳೇ ಸಿನಿಮಾಗಳಿಗೆ ಕೈ ಮುಗಿಯೋದು ಜಾಸ್ತಿ ಆಯ್ತು. ಹಳೇ ಡೈಲಾಗನ್ನ ತಂದು ತುರುಕಿದಾರೆ, ಮೊದಲನೇ ಸಿನಿಮಾದಲ್ಲಿ ಆ್ಯಶ್ ಪಾತ್ರ ಮಾಡಿ 2020ರಲ್ಲಿ ತೀರಿಕೊಂಡ ಇಯಾನ್ ಹೋಮ್ ಮುಖಾನ ಮತ್ತೆ ಕಟ್ಟಿ ತಂದಿದಾರೆ, ಮನೆಯವರ ಒಪ್ಪಿಗೆ ತಗೊಂಡಿದ್ರೂ ಆ ಮುಖ ನೋಡೋಕೆ ನನಗೆ ಹಿಂಸೆ ಆಯ್ತು. ತೂಕ ಇಲ್ಲದ ಕಡೆ ಆ್ಯಸಿಡ್ ರಕ್ತ ಗಾಳೀಲಿ ಸುತ್ತುತ್ತಾ ಹರಡಿರೋವಾಗ ಅದರ ನಡುವೆ ತೂರ್ಕೊಂಡು ಹೋಗೋ ಸೀನ್ ಮಾತ್ರ ನಲವತ್ತೈದು ವರ್ಷದಲ್ಲಿ ಯಾರಿಗೂ ಹೊಳೀದೇ ಇದ್ದದ್ದು. ಮತ್ತೆ ಕೇ ವಿಷ್ಯ ಹೇಳಿದ್ನಲ್ಲ, ಬಸುರಿ, ಕೊನೇ ಇಪ್ಪತ್ತು ನಿಮಿಷ ಅವಳ ಹೆರಿಗೇದೇ. ಇಡೀ ಪಟ್ಟೀಲಿ ನಿಮ್ಮ ಮನೆಯವರು ನೋಡಲೇಬಾರದ ಸಿನಿಮಾ ಇದು.

‘ಪ್ರೊಮೀಥಿಯಸ್’, 2012, ನಾಲ್ಕು. ನಿಮ್ಮ ಆಫೀಸಿನವರು ಹೇಳೋದ್ರಲ್ಲಿ ಅರ್ಧ ಸತ್ಯ ಇದೆ, ನೋಡೋಕೆ ಇಷ್ಟು ಚೆಂದದ್ದು ಈ ಸರಣೀಲಿ ಇನ್ನೊಂದಿಲ್ಲ, ಐಸ್‌ಲ್ಯಾಂಡಿನ ಡೆಟ್ಟಿಫಾಸ್ ಜಲಪಾತದ ಮೇಲಿನ ಆ ಶುರುವೇ ಸಾಕು. ತೊಂದ್ರೆ ಏನಂದ್ರೆ ಮೊದಲನೇ ಸಿನಿಮಾದ ಡೈರೆಕ್ಟರ್ ರಿಡ್ಲಿ ಸ್ಕಾಟ್ ತಾನೇ ಕತ್ತಲಲ್ಲಿ ಬಿಟ್ಟಿದ್ದನ್ನ ಮೂವತ್ಮೂರು ವರ್ಷ ಆದ್ಮೇಲೆ ತಾನೇ ಲೈಟ್ ಹಾಕಿ ವಿವರಿಸೋಕೆ ಬಂದ್ರು, ಮೊದಲನೇದರಲ್ಲಿ ಕಂಡ ಆ ದೊಡ್ಡ ಶವ ಯಾರದ್ದು, ಯಾಕೆ, ಎಲ್ಲಿಂದ. ಗೊತ್ತಾದ ಭೂತಕ್ಕೆ ಯಾರು ಹೆದರ್ತಾರೆ. ಜೊತೆಗೆ ವಿಜ್ಞಾನಿಗಳ ದಡ್ಡತನ, ಕಪ್ಪು ನೀರಿಂದ ನಾಗರಹಾವಿನ ಹಾಗೆ ಹೆಡೆ ಬಿಚ್ಚಿ ಎದ್ದು ನಿಂತಿರೋದನ್ನ ಒಬ್ಬ ಜೀವಶಾಸ್ತ್ರಜ್ಞ ಬಾ ಬಾ ಅಂತ ಮುದ್ದಿಸೋಕೆ ಹೋಗ್ತಾನೆ, ನಮ್ಮೂರಲ್ಲಿ ಮೂರನೇ ಕ್ಲಾಸ್ ಹುಡುಗಂಗೂ ಅಷ್ಟು ಬುದ್ಧಿ ಇರುತ್ತೆ. ಆದ್ರೆ ಆಪರೇಷನ್ ಪೆಟ್ಟಿಗೆ ಸೀನ್ ಇದ್ಯಲ್ಲ, ಮಕ್ಕಳಾಗಲ್ಲ ಅಂತ ಗೊತ್ತಿರೋ ವಿಜ್ಞಾನಿ ಶಾ ಹೊಟ್ಟೇಲಿ ಒಂದೇ ದಿನದಲ್ಲಿ ಮೂರು ತಿಂಗಳಷ್ಟು ಬೆಳೆದಿರೋದು ಏನೋ ಇದೆ, ಅವಳು ಓಡಿಹೋಗಿ ಸಿಸೇರಿಯನ್ ಮಾಡು ಅಂದ್ರೆ ಯಂತ್ರ ಹೇಳುತ್ತೆ, ಇದು ಗಂಡಸರಿಗೆ ಮಾತ್ರ ಸೆಟ್ ಮಾಡಿರೋದು ಅಂತ. ಯಾಕೆ ಗಂಡಸರಿಗೆ ಮಾತ್ರ? ಯಾಕಂದ್ರೆ ಅದು ಸಿಬ್ಬಂದಿಗಲ್ಲ, ಹಡಗಲ್ಲಿ ಯಾರಿಗೂ ಹೇಳದೆ ಮಲಗಿರೋ ಮಾಲೀಕ ಮುದುಕನಿಗೆ ತಂದಿದ್ದು. ಆ ಒಂದು ಸಾಲಿನಲ್ಲಿ ಹಳೇ ರಿಡ್ಲಿ ಸ್ಕಾಟ್ ವಾಪಸ್ ಬಂದು ಹೋದ್ರು. ಮನೆಯವರನ್ನ ಕಳಿಸಿ ಅಂತ ಬೇರೆ ಹೇಳ್ಬೇಕಾ?

ಐದಕ್ಕೆ 1997ರ ‘ರೆಸರೆಕ್ಷನ್’. ಇನ್ನೂರು ವರ್ಷ ಆದ್ಮೇಲೆ ರಿಪ್ಲಿಯನ್ನ ರಕ್ತದಿಂದ ಮತ್ತೆ ಬೆಳೆಸಿದಾರೆ, ಕೈ ಮೇಲೆ 8 ಅಂತ ನಂಬರ್ರು. ಫ್ರಾನ್ಸಿನ ಜ್ಯಾಂ ಪಿಯರ್ ಜನೆ ಇದನ್ನ ಒಂತರಾ ಸರ್ಕಸ್ ಮಾಡಿಟ್ಟಿದಾರೆ, ಸಿಗರ್ನಿ ವೀವರ್ ಹಿಂದಕ್ಕೆ ತಿರುಗಿ ನೋಡದೇನೇ ಬಾಸ್ಕೆಟ್‌ಬಾಲ್ ಎಸೆದು ನಿಜವಾಗ್ಲೂ ಬುಟ್ಟಿಗೆ ಹಾಕಿದ್ದೂ ಇದರಲ್ಲೇ. ಆದ್ರೆ ಒಂದು ಬಾಗಿಲು ತೆಗೆದು ಅವಳು ತನಗಿಂತ ಮುಂಚೆ ಬೆಳೆಸಿ ಕೆಟ್ಟುಹೋದ ಏಳನ್ನ ನೋಡ್ತಾಳೆ, ಉಳಿದವು ಗಾಜಿನ ಜಾಡಿಯಲ್ಲಿ, ಏಳನೇದು ಮಾತ್ರ ಹಾಸಿಗೆ ಮೇಲೆ ಇನ್ನೂ ಉಸಿರಾಡ್ತಿದೆ, ಕೊಂದುಬಿಡು ಅನ್ನುತ್ತೆ, ಆ ಎರಡು ನಿಮಿಷಕ್ಕೆ ಈ ಸ್ಥಾನ. ಸ್ಪೆಷಲ್ ಎಡಿಷನ್ನಲ್ಲಿ ಆ ಭಯಂಕರ ಕಂಪನೀನ ಕೊನೆಗೆ ವಾಲ್‌ಮಾರ್ಟ್ ಕೊಂಡ್ಕೊಳ್ತು ಅಂತ ಒಂದು ಜೋಕ್ ಇದೆ, ನನಗೆ ಇಷ್ಟ.

ಆರನೇದು ‘ಕವನಂಟ್’, 2017. ಎರಡು ಸಾವಿರ ವಲಸಿಗರನ್ನ ಮಲಗಿಸ್ಕೊಂಡು ಹೊರಟ ಹಡಗಿನವರು ಒಂದು ಸಿಗ್ನಲ್ ಕೇಳಿ ದಾರಿ ಬದಲಿಸಿ ಇಳೀತಾರೆ, ಹೆಲ್ಮೆಟ್ ಹಾಕದೆ ಗೊತ್ತಿಲ್ಲದ ಗ್ರಹದ ಗಾಳಿ ಕುಡೀತಾರೆ. ಮೈಕೆಲ್ ಫಾಸ್‌ಬೆಂಡರ್ ಒಬ್ಬನೇ ಎರಡು ಸಿಂಥೆಟಿಕ್ ಆಗಿ ತನಗೆ ತಾನೇ ಕೊಳಲು ಹೇಳಿಕೊಡೋ ಸೀನ್ ಬಿಟ್ರೆ ಇದರಲ್ಲಿ ನನಗೆ ನೆನಪಿರೋದು ಆ ಪ್ರಾಣಿಯನ್ನ ಹುಟ್ಟಿಸಿದ್ದು ಒಂದು ಹುಚ್ಚು ಸಿಂಥೆಟಿಕ್ ಅನ್ನೋ ಬೇಸರ ಮಾತ್ರ. ಏಳು ಎಂಟು ಯಾವುದು ಅಂತ ಮೇಲೇ ಹೇಳಿದೀನಿ. 2025ರ ‘ಏಲಿಯನ್: ಅರ್ತ್’ ಟಿವಿ ಸೀರೀಸು, ಅದನ್ನ ಈ ಪಂಕ್ತೀಲಿ ಕೂರಿಸಲ್ಲ.

ಹಾಗಾಗಿ ಈ ಶನಿವಾರ ಇಬ್ರೂ ‘ಏಲಿಯನ್ಸ್’ ನೋಡಿ, ಆ ಎರಡು ಸೀನ್ ಹುಷಾರು. ‘ಏಲಿಯನ್ 3’ ನೀವೊಬ್ರೇ, ಮನೆಯವರು ಮಲಗಿದ್ಮೇಲೆ, ಹೆಡ್‌ಫೋನ್ ಹಾಕ್ಕೊಂಡು, ಬೇಕಿದ್ರೆ ಭಾವನನ್ನ ಕರ್ಕೊಳ್ಳಿ. ಉಳಿದವು ಬಾಣಂತನ ಎಲ್ಲಾ ಮುಗೀಲಿ, ಅಷ್ಟೊತ್ತಿಗೆ ನಿಮಗೇ ರಾತ್ರಿ ಎರಡು ಗಂಟೇಲಿ ಎದ್ದು ಕೂರೋ ಅಭ್ಯಾಸ ಆಗಿರುತ್ತೆ.